ಹೊಲಿಗೆಗೆ ಬಿಟ್ಟ ಅರ್ಧ ಇಂಚು

ನಮ್ಮ ದರ್ಜಿಯಕ್ಕ ಗೆರೆಯ ಮೇಲೆ ಕತ್ತರಿ ಆಡಿಸಿದವಳೇ ಅಲ್ಲ. ಗೆರೆಯಿಂದ ಅರ್ಧ ಇಂಚು ಆಚೆಗೇ ಕತ್ತರಿಸುವುದು, ಹೊಲಿಗೆಗೆ ಅಂತ. ಮೂವತ್ತು ವರ್ಷ ಹಾಗೇ. ನಾದಿನಿ ಎರಡು ಹೆತ್ತು ದುಂಡಗಾದಾಗ, ಆ ಅರ್ಧ ಇಂಚು ಬಿಚ್ಚಿಯೇ ಅವಳ ಹಳೇ ರವಿಕೆಯನ್ನು ಹಿಗ್ಗಿಸಿಕೊಟ್ಟಿದ್ದಳು. ಇರಲಿ, ನಾದಿನಿಯ ಸುದ್ದಿ ಬೇಡ, ಅವಳ ಬಾಯಿ ದೊಡ್ಡದು.

ದರ್ಜಿಯಕ್ಕನ ಗಂಡ ಶಾಲೆಯ ಪ್ರಯೋಗಶಾಲೆಯಲ್ಲಿ ಸೀಸೆ ತೊಳೆಯುವವನು. ಅವನಿಗೆ ಗ್ರಹಣದ ಹುಚ್ಚು. ಒಂದು ಸಂಜೆ ಅವಳ ಡಬ್ಬಿಯಿಂದ ಕರಿ ಗುಂಡಿ ತೆಗೆದು, ಹೊಲಿಗೆ ಯಂತ್ರದ ದೀಪಕ್ಕೆ ಅಡ್ಡ ಹಿಡಿದ.

“ದೀಪ ಸೂರ್ಯ, ಗುಂಡಿ ಚಂದ್ರ, ನಿನ್ನ ಮುಖ ಭೂಮಿ. ನೆರಳು ಎಲ್ಲಿ ಬಿತ್ತು?”

“ಮೂಗಿನ ಮೇಲೆ.”

“ಹಂಗಾದ್ರೆ ಮೂಗಿಗೆ ಪೂರ್ತಿ ಗ್ರಹಣ. ಕೆನ್ನೆಗೆ ಅರೆಬರೆ. ಕಿವಿಗೆ ಸುದ್ದಿನೇ ಇಲ್ಲ.”

“ಚಂದ್ರಗ್ರಹಣ ಎಲ್ರಿಗೂ ಕಾಣತ್ತಲ್ಲ?”

“ಅಲ್ಲಿ ಭೂಮಿ ನೆರಳೇ ಹೋಗಿ ಚಂದ್ರನ ಮೇಲೆ ಬೀಳತ್ತೆ. ಚಂದ್ರ ಯಾರ ಆಕಾಶದಲ್ಲಿದಾನೋ ಅವರಿಗೆಲ್ಲ ಕಾಣತ್ತೆ. ಸೂರ್ಯಂದು ಹಂಗಲ್ಲ ಕಣೇ, ಲಾಡಿ ಥರ ಉದ್ದಕ್ಕೆ ಒಂದು ಪಟ್ಟಿ. ಅದರೊಳಗೆ ನಿಂತ್ರೇನೇ ಹಗಲಲ್ಲಿ ಕತ್ತಲು. ಈ ಸಲದ ಗ್ರಹಣಕ್ಕೆ ಇಬ್ರೂ ಅಲ್ಲಿ ನಿಲ್ಲೋಣ.”

ಶಾಲೆಯ ಗೋಡೆಯ ನಕ್ಷೆಯಲ್ಲಿ ಆ ಪಟ್ಟಿಯನ್ನು ಗುರುತಿಸಿಯೂ ಇಟ್ಟ. ಗ್ರಹಣಕ್ಕೆ ಎರಡು ತಿಂಗಳಿದೆ ಎನ್ನುವಾಗ, ಸೀಸೆ ತೊಳೆಯುತ್ತಲೇ ಕುಸಿದು ಬಿದ್ದು ತೀರಿಹೋದ.

ಅವಳು ಅಳಲಿಲ್ಲ. ನಾಲ್ಕನೇ ದಿನ ಯಂತ್ರದ ಮುಂದೆ ಕೂತಳು. ಸೂಜಿ ಬೆರಳಿಗೆ ಇಳಿದರೂ ರಕ್ತ ಕಂಡ ಮೇಲೆಯೇ ಗೊತ್ತಾಗುವುದು. ಒಂದೇ ಒಂದು ಆಸೆ ಉಳಿದಿತ್ತು: ಅವನ ಪಾಲನ್ನೂ ಸೇರಿಸಿ ಆ ಕತ್ತಲಲ್ಲಿ ನಿಲ್ಲುವುದು. ಶಾಲೆಗೆ ಹೋಗಿ, ನಕ್ಷೆಯ ಮೇಲೆ ತೆಳು ಕಾಗದವಿಟ್ಟು ಪಟ್ಟಿಯ ಗೆರೆಯನ್ನು ಮಸುಕಾಗಿ ಎಳೆದುಕೊಂಡಳು. ಮನೆಗೆ ಬಂದು ಕತ್ತರಿಸಿ, ಮನೆಯಲ್ಲಿದ್ದ ಅಷ್ಟೇ ಅಳತೆಯ ನಕ್ಷೆಯ ಮೇಲಿಟ್ಟಳು. ಕೆರೆಯ ಪಕ್ಕದ ಒಂದು ಊರು ಕಾಗದದ ಅಂಚಿನೊಳಗೇ ಬಂತು. ಅಲ್ಲಿಗೆ ನೇರ ಬಸ್ಸೂ ಇತ್ತು.

ಗ್ರಹಣದ ದಿನ ಮಗಳೊಂದಿಗೆ ಅಲ್ಲಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಇಬ್ಬರ ಕಣ್ಣಿಗೂ ಗ್ರಹಣದ ಕರಿ ಕನ್ನಡಕ. ಸೂರ್ಯ ಸವೆಯುತ್ತ ಹೋದ. ಗಾಳಿ ತಣ್ಣಗಾಯಿತು, ಬೆಳಕು ತೊಳೆದ ಬಟ್ಟೆಯಂತೆ ಬಿಳಿಚಿತು. ಕೊನೆಗೆ ಒಂದು ಎಳೆ ನೂಲು ಉಳಿಯಿತು. ಆ ನೂಲು ಹರಿಯಲೇ ಇಲ್ಲ. ಮತ್ತೆ ದಪ್ಪವಾಗತೊಡಗಿತು.

ನಿಲ್ದಾಣ ಗುಡಿಸುವಾಕೆ ಪೊರಕೆ ಊರಿ ನಿಂತಳು. “ಇಲ್ಲಿ ಪೂರ್ತಿ ಮುಚ್ಚಲ್ಲ ಕಣ್ರೀ. ನೋಡೋರೆಲ್ಲ ಬೆಳಿಗ್ಗೆನೇ ಮುಂದಿನ ಊರಿಗೆ ಹೋದ್ರಲ್ಲ! ನಿಮಗ್ಯಾರೂ ಹೇಳ್ಲಿಲ್ವಾ?”

ದರ್ಜಿಯಕ್ಕ ಚೀಲದಿಂದ ಆ ಕಾಗದ ತೆಗೆದಳು. ಮಗಳು ಬಗ್ಗಿ ನೋಡಿದಳು. ಕಾಗದದ ಅಂಚೇ ಬೇರೆ, ಪೆನ್ಸಿಲಿನ ಗೆರೆಯೇ ಬೇರೆ. ಸುತ್ತಲೂ ಅರ್ಧ ಇಂಚು.

“ಅಮ್ಮಾ... ಹೊಲಿಗೆಗೆ ಬಿಟ್ಟಿದೀಯ.”

“ಹೂಂ.”

“ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು.”

“ನಗ್ತಿದ್ರು. ಆಮೇಲೆ, ಕೆನ್ನೆ ಮೇಲೆ ಕೂತಿದೀಯಲ್ಲೇ ಅಂತಿದ್ರು.”

ಮಗಳು ಅತ್ತಳು. ದರ್ಜಿಯಕ್ಕನ ಕಣ್ಣು ಒದ್ದೆಯಾಗಲಿಲ್ಲ. ಚೀಲದಿಂದ ಸಣ್ಣ ಕತ್ತರಿ ತೆಗೆದು, ಗೆರೆಯ ಮೇಲೇ, ನಿಧಾನವಾಗಿ, ಸುತ್ತಲೂ ಕತ್ತರಿಸಿದಳು. ತುಣುಕುಗಳು ಮಡಿಲಿಗೆ ಬಿದ್ದವು. ಬಿಸಿಲು ಏರತೊಡಗಿತ್ತು.

“ವಾಪಸ್ ಬಸ್ಸು ಎಷ್ಟು ಗಂಟೆಗೆ?” ಎಂದಳು.