ರತ್ನಕ್ಕನ ವ್ಯಾನಿನ ಲೈಟು

ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಎರಡು ಸಲ ಹಾರನ್ ಕೇಳಿಸಿತು ಅಂದರೆ ಅದು ರತ್ನಕ್ಕನ ಸ್ಕೂಲ್ ವ್ಯಾನು. ಮೂರನೇ ಸಲ ಹೊಡೆಯುವ ಅಭ್ಯಾಸ ಆಕೆಗಿಲ್ಲ. ಇಳಿದು ಬಂದು ಬಾಗಿಲು ಬಡಿದು, ಮಗುವಿನ ತಾಯಿಗೆ ನಾಲ್ಕು ಮಾತು ಅಂದು, ಮಗುವನ್ನು ಬ್ಯಾಗಿನ ಸಮೇತ ಎತ್ತಿಕೊಂಡೇ ಹೋಗುತ್ತಾಳೆ. "ನಿಮ್ಮ ಮಗಳೊಬ್ಬಾಕಿ ಸಲುವಾಗಿ ಒಂಬತ್ತು ಹುಡುಗರು ಲೇಟ್ ಆಗ್ಬೇಕೇನ್ರಿ?" ಅಂದರೆ ಯಾವ ತಾಯಿ ತಾನೇ ಏನು ಹೇಳಿಯಾಳು?

ಬಾಗಲಕೋಟೆ ಕಡೆಯ ಹೆಂಗಸು. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಇವಳೂ ನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದು, ಅಲ್ಲಿನ ಬೈಗುಳ ಸಾಕಾಗಿ, "ಇನ್ನೊಬ್ಬರ ಗಂಟಿಗೆ ಎದ್ದು ಕೂಡೂದು ನನ್ನ ಕೈಲಾಗಂಗಿಲ್ಲ" ಅಂತ ಡ್ರೈವಿಂಗ್ ಕಲಿತಳು. ಹೆಂಗಸಿನ ಕೈಗೆ ಮಕ್ಕಳ ಗಾಡಿಯಾ ಅಂತ ಮೂಗು ಮುರಿದವರ ಮಕ್ಕಳೇ ಆಮೇಲೆ ಆ ವ್ಯಾನು ಹತ್ತಿದರು. ಹದಿನಾಲ್ಕು ವರ್ಷ ಆಯಿತು. ಗಾಡಿಗೆ ಒಂದು ಗೀರಿಲ್ಲ. ಈ ಮಾತನ್ನು ಅವಳು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಬಿಡುವುದಿಲ್ಲ.

ಆ ವ್ಯಾನಿನಲ್ಲಿ ಒಂದು ಆಟ ಇತ್ತು. ದಸರಾ ರಜೆ ಮುಗಿದ ಮೇಲೆ ಶುರುವಾದದ್ದು. ಡ್ರೈವರ್ ಸೀಟಿನ ಹಿಂದೆ ಕೂರುವ ಮಗು ಹಂಪ್ ಲೀಡರ್. ಮುಂದೆ ಹಂಪ್ ಕಂಡ ತಕ್ಷಣ "ಆಂಟೀ, ಹಂಪ್!" ಅಂತ ಕೂಗಬೇಕು. ಉಳಿದವರು ತೂಕಡಿಸಬಹುದು, ಲೀಡರ್ ಮಾತ್ರ ಕಣ್ಣು ಮುಚ್ಚುವ ಹಾಗಿಲ್ಲ. ಮೊದಲು ವಾರಕ್ಕೊಬ್ಬರ ಪಾಳಿ ಇತ್ತು. ಎರಡನೇ ಕ್ಲಾಸಿನ ಜೋಯಾಳ ಸರದಿ ಬಂದ ಮೇಲೆ ಪಾಳಿ ನಿಂತುಹೋಯಿತು. ಅವಳಷ್ಟು ಚುರುಕಾಗಿ ಕೂಗುವವರು ಬೇರೆ ಇರಲಿಲ್ಲ. ಹಂಪ್ ಮಾತ್ರ ಅಲ್ಲ, "ಆಂಟೀ, ನಾಯಿ! ಆಂಟೀ, ಸೈಕಲ್ ತಾತ!" ಅಂತ ದಾರಿಯುದ್ದಕ್ಕೂ ವರದಿ ಒಪ್ಪಿಸುತ್ತಿದ್ದಳು. ರತ್ನಕ್ಕ ನಗುತ್ತಾ ಬ್ರೇಕ್ ಒತ್ತುತ್ತಿದ್ದಳು.

ಡಿಸೆಂಬರ್ ಬಂತು ನೋಡಿ, ಕಷ್ಟ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಇನ್ನೂ ಕತ್ತಲು, ಅಬ್ಬಿಗೆರೆ ದಾಟಿದರೆ ಮಂಜು. ವ್ಯಾನಿನ ಲೈಟು ರಸ್ತೆಗೆ ಬೀಳುತ್ತಲೇ ಇಲ್ಲ ಅನ್ನಿಸಿತು ರತ್ನಕ್ಕನಿಗೆ. ಯಾರೋ ಹೇಳಿದರು ಅಂತ ಲೈಟಿನ ಗಾಜಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದಳು. ಗಾಜು ಘಮಘಮ ಅಂದಿತೇ ಹೊರತು ಬೆಳಕು ಹೆಚ್ಚಲಿಲ್ಲ. ಕೊನೆಗೆ ಮಾಕಳಿ ಹತ್ತಿರದ ಒಂದು ಆಕ್ಸೆಸರಿ ಅಂಗಡಿಗೆ ಹೋಗಿ, ಬಿಳೀ ಎಲ್‌ಇಡಿ ಬಲ್ಬು ಹಾಕಿಸಿಕೊಂಡು ಬಂದಳು. ಅಬ್ಬಬ್ಬಾ, ಅದೇನು ಬೆಳಕು! ಎದುರುಮನೆಯ ಮೂರನೇ ಮಹಡಿಯವರು ಸೂರ್ಯ ಹುಟ್ಟಿದ ಅಂತ ಎದ್ದರಂತೆ.

ಆದರೆ ರಸ್ತೆ? ರಸ್ತೆ ಇನ್ನೂ ಕಾಣಲಿಲ್ಲ. ಮಂಜಿನ ಮೇಲೆ ಬೆಳಕು ಬಿದ್ದು ಎದುರಿಗೆ ಬರೀ ಬೆಳ್ಳಗೆ. ಎರಡನೇ ದಿನ ಹಾಲಿನ ಸ್ಕೂಟರಿನವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ಮೋರಿ ಪಕ್ಕಕ್ಕೆ ಹೋಗಿ ನಿಂತ. "ಏನಮ್ಮಾ, ಕಣ್ಣು ಕೀಳೋಕೆ ಬಂದಿದೀಯಾ?" ಅಂತ ಬಾಯಿಗೆ ಬಂದ ಹಾಗೆ ಬೈದ. ರತ್ನಕ್ಕನೂ ಬಿಡಲಿಲ್ಲ ಅನ್ನಿ. ನಾಲ್ಕನೇ ದಿನ ಹೆಸರಘಟ್ಟ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದ.

"ಮಕ್ಕಳ ಗಾಡಿಗೆ ಇಂಥ ಲೈಟ್ ಹಾಕ್ಬಹುದೇನಮ್ಮ? ಕಂಪನಿ ಕೊಟ್ಟಿದ್ದನ್ನ ಬದಲಾಯಿಸೋದು ಕಾನೂನಿಗೆ ವಿರುದ್ಧ ಕಣಮ್ಮ. ಎದುರಿಗೆ ಬರೋರ ಗತಿ ಏನು?"

"ಅಂಗಡ್ಯಾಗ ರಾಜಾರೋಷವಾಗಿ ಮಾರ್ತಾರಲ್ರಿ, ಮೊದಲು ಅವರನ್ನ ಹಿಡೀರಿ!"

"ಅಂಗಡೀಲಿ ಚಾಕೂನೂ ಮಾರ್ತಾರೆ. ಹಂಗಂತ ಚುಚ್ಚೋಕಾಗುತ್ತಾ?" ಅಂದ ಅವನು ಚಲನ್ ಬರೆಯುತ್ತಾ. "ಇದೇ ಲೈಟಲ್ಲಿ ಎಫ್‌ಸಿಗೆ ಹೋಗಿ ನೋಡಿ, ಗೇಟಿಂದಾನೇ ವಾಪಸ್ ಕಳಿಸ್ತಾರೆ."

ಆ ಮಾತು ನಾಟಿತು. ಗಾಡಿ ರಸ್ತೆಗಿಳಿಯಲು ಯೋಗ್ಯ ಅಂತ ಆರ್‌ಟಿಓ ಕೊಡುವ ಎಫ್‌ಸಿ ಫೆಬ್ರವರಿಗೆ ಮುಗಿಯುತ್ತಿತ್ತು. ಅದಿಲ್ಲದೆ ಒಂದು ಮಗುವನ್ನೂ ಹತ್ತಿಸುವ ಹಾಗಿಲ್ಲ. ವ್ಯಾನು ನಿಂತರೆ ರತ್ನಕ್ಕನ ಬದುಕೇ ನಿಂತ ಹಾಗೆ. ಅವತ್ತೇ ಸಂಜೆ ಅಬ್ಬಿಗೆರೆಯ ಆಟೋ ಎಲೆಕ್ಟ್ರಿಷಿಯನ್ ಚನ್ನಪ್ಪನ ಶೆಡ್ಡಿಗೆ ಗಾಡಿ ತಂದು ನಿಲ್ಲಿಸಿದಳು.

ಚನ್ನಪ್ಪ ಗದಗ ಕಡೆಯವನು. ಮಾತು ಕಡಿಮೆ, ಕೆಲಸ ನಿಧಾನ. ಬಿಳೀ ಬಲ್ಬನ್ನು ಬಿಚ್ಚಿ ಅಂಗೈಯಲ್ಲಿ ಹೊರಳಿಸಿ ನೋಡಿದ.

"ಅಕ್ಕಾ, ಈ ಲೈಟಿನ ಬಟ್ಟಲ ಐತಲ್ರಿ, ಹಳೇ ಬಲ್ಬಿನ ತಂತಿ ಎಲ್ಲಿ ಉರೀತೈತಿ ಅಂತ ನೋಡಿ ಅದಕ್ಕ ತಕ್ಕಂಗ ಮಾಡಿರ್ತಾರ. ಇನ್ನೊಂದು ಜಾತಿ ಬಲ್ಬ್ ತುರುಕಿದ್ರ ಬೆಳಕು ರಸ್ತಿಗೆ ಬೀಳಂಗಿಲ್ಲ, ಎದುರಿನವರ ಮುಖಕ್ಕ ಬೀಳ್ತೈತಿ. ನಾನು ಇವನ್ನ ಹಾಕಂಗಿಲ್ಲ. ಕೇಳಿದವರೆಲ್ಲ ಬೈದು ಹೋಗ್ಯಾರ, ಹೋಗ್ಲಿ."

ಕಂಪನಿ ಅಳತೆಯ, ಮುದ್ರೆ ಇರುವ ಹೊಸ ಬಲ್ಬುಗಳನ್ನೇ ಹಾಕಿದ. ಮಂಕಾದ ಗಾಜಿಗೆ ಪಾಲಿಶ್ ಹಿಡಿದ. ಆಮೇಲೆ ಗಾಡಿಯನ್ನು ಸುಣ್ಣ ಬಳಿದ ಗೋಡೆಗೆ ಇಪ್ಪತ್ತೈದು ಅಡಿ ದೂರದಲ್ಲಿ ನಿಲ್ಲಿಸಿದ. ನೆಲದಿಂದ ಲೈಟಿನ ನಡುವಿನವರೆಗೆ ದಾರ ಹಿಡಿದು ಅಳೆದು, ಅದಕ್ಕಿಂತ ಒಂದಿಷ್ಟು ಕೆಳಗೆ ಗೋಡೆಗೆ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆದ. ಲೋ ಬೀಮಿನ ಬೆಳಕು ಆ ಗೆರೆ ದಾಟಿ ಮೇಲಕ್ಕೆ ಹೋಗಬಾರದು. ಹೋಗದಿದ್ದರೆ ಎದುರಿನವರ ಕಣ್ಣು ಬಚಾವ್. ಲೈಟಿನ ಸ್ಕ್ರೂ ತಿರುಗಿಸುತ್ತಾ, ಗೋಡೆ ನೋಡುತ್ತಾ, ಒಂದೊಂದು ಲೈಟಿಗೂ ಕಾಲು ಗಂಟೆ ತೆಗೆದುಕೊಂಡ. ಏಳು ಗಂಟೆಯ ಹೊತ್ತಿಗೆ ಬೆವರು ಒರೆಸಿಕೊಂಡು ಅಂದ:

"ಬರ್ರಿ ಅಕ್ಕಾ, ಸೀಟಿನ ಮ್ಯಾಲ ಕುಂತು ನೋಡ್ರಿ. ಚಾಕೂಲೆ ಕೊಯ್ದಂಗ ಗೆರಿಗೆ ಸರಿ ಕುಂತೈತಿ."

ರತ್ನಕ್ಕ ಕೂತು ನೋಡಿದಳು. "ಎಲ್ಲಿ ಗೆರಿ? ಗ್ವಾಡಿ ತುಂಬ ಹತ್ತಿ ಹಿಂಜಿ ಹಾಕಿದಂಗ ಐತಲ್ಲೋ ಮಾರಾಯ!"

ಚನ್ನಪ್ಪ ಮುಂದಿನ ಗಾಜು ಒರೆಸಿದ. ಅದೇ ಹತ್ತಿ. ಸ್ಕ್ರೂ ಮತ್ತೆ ತಿರುಗಿಸಿದ. ಅದೇ ಹತ್ತಿ. ಆಮೇಲೆ ಅವಳನ್ನು ಇಳಿಸಿ, "ಗ್ವಾಡಿ ಕಡೆ ನಡಕೋತ ಹೋಗ್ರಿ. ಗೆರಿ ಕಂಡ ಕೂಡಲೇ ನಿಲ್ರಿ" ಅಂದ. ರತ್ನಕ್ಕ ನಡೆದಳು. ಇಪ್ಪತ್ತು ಅಡಿ, ಹದಿನೈದು, ಹತ್ತು. ಕೈ ಚಾಚಿದರೆ ಗೋಡೆ ಸಿಗುವಷ್ಟು ಹತ್ತಿರ ಹೋದಾಗ ಕೆಂಪು ಗೆರೆ ಕಂಡಿತು. ಎರಡು ಹೆಜ್ಜೆ ಹಿಂದೆ ಬಂದಳು. ಗೆರೆ ಇಲ್ಲ.

ಚನ್ನಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು, "ಗಾಡಿ ಕೆಲಸ ಮುಗೀತಕ್ಕಾ. ಗಾಡ್ಯಾಗ ಇನ್ನೇನೂ ಇಲ್ಲ. ಡಾಕ್ಟರಿಗೆ ತೋರಸ್ರಿ, ನಿಮ್ಮ ಕಣ್ಣಿಗೆ ಪೊರಿ ಬಂದಿರಬೇಕು. ನಮ್ಮವ್ವಗೂ ದೀಪ ನೋಡಿದ್ರ ಹಿಂಗ ಹತ್ತಿ ಕಂಡಂಗ ಕಾಣ್ತಿತ್ತು" ಅಂದ.

ರತ್ನಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಕಣ್ಣಿಗೋ ನಿನ್ನ ಕಣ್ಣಿಗೋ? ಲೈಟ್ ಸರಿ ಮಾಡಾಕ ಬರಂಗಿಲ್ಲ, ಕಣ್ಣಿನ ಡಾಕ್ಟರ್ ಆಗ್ಯಾನ! ಹದಿನಾಲ್ಕು ವರ್ಷ ಆತು, ಒಂದು ಗೀರಿಲ್ಲ ನನ್ನ ಗಾಡಿಗೆ. ಇವತ್ತು ಮುಂಜಾನಿ ಸೈತ ಒಂದು ಹಂಪ್ ಮ್ಯಾಲ ಗಾಡಿ ಎತ್ತಿ ಹಾಕಿಲ್ಲ ನಾನು. ಹುಡುಗರನ್ನ ಕೇಳು ಬೇಕಾದ್ರ, ಹಂಪ್ ಬಂದ ಕೂಡಲೇ..."



ಹಂಪ್ ಬಂದ ಕೂಡಲೇ ಏನು? ಹಂಪ್ ಬಂದ ಕೂಡಲೇ ಜೋಯಾ ಕೂಗುತ್ತಾಳೆ. ನಾಯಿ ಬಂದರೆ ಜೋಯಾ ಕೂಗುತ್ತಾಳೆ. ಸೈಕಲ್ ತಾತನನ್ನು ಇವಳು ನೋಡಿದ್ದೇ ಅವನು ಪಕ್ಕಕ್ಕೆ ಬಂದ ಮೇಲೆ. ಅಯ್ಯೋ ದೇವರೇ! ಇಷ್ಟು ದಿನ ಗಾಡಿ ನಡೆಸಿದ್ದು ಏಳು ವರ್ಷದ ಆ ಕೂಸಿನ ಕಣ್ಣು. ಆಟ ಅಂತ ತಾನೇ ಹಚ್ಚಿಕೊಟ್ಟು, ಆಟ ಅಂತ ತಾನೇ ನಂಬಿಕೊಂಡು ಕೂತಿದ್ದಳು. ಒಂದೇ ಒಂದು ದಿನ ಆ ಮಗು ತೂಕಡಿಸಿದ್ದರೆ?

ರತ್ನಕ್ಕ ಶೆಡ್ಡಿನ ಮೆಟ್ಟಿಲ ಮೇಲೆ ಕೂತಳು. ಗಾರ್ಮೆಂಟ್ಸ್‌ನಲ್ಲಿ ಅಷ್ಟು ಬೈಸಿಕೊಂಡಾಗಲೂ ಅಳದವಳು ಸೆರಗು ಬಾಯಿಗೊತ್ತಿ ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿದ್ದಳು.

ಐದು ನಿಮಿಷ ಅಷ್ಟೇ. ಮೂಗು ಸೀಟಿ ಎದ್ದು ನಿಂತು, ವ್ಯಾನಿನ ಕೀಲಿಯನ್ನು ಚನ್ನಪ್ಪನ ಕೈಗಿಟ್ಟಳು. "ನಾನು ಬಂದು ಈ ಗೆರಿ ಸೀಟಿನಿಂದ ನೋಡೂತನಕ ಇದನ್ನ ನನಗ ಕೊಡಬ್ಯಾಡ. ನಾನು ಜಗಳಾ ಮಾಡಿದ್ರೂ ಕೊಡಬ್ಯಾಡ" ಅಂದು ಬಾಗಲಗುಂಟೆಗೆ ನಡೆದೇ ಬಂದಳು.

ಮನೆಗೆ ಹೋಗಲಿಲ್ಲ. ಸೀದಾ ಮುನಿಯಣ್ಣನ ಬಾಗಿಲಿಗೆ ಹೋದಳು. ಅವನದೂ ಸ್ಕೂಲ್ ವ್ಯಾನೇ, ಅದೇ ಸ್ಕೂಲಿಗೆ. ಇವಳ ವ್ಯಾನಿಗೆ ಬರುವ ಮಕ್ಕಳ ಮೇಲೆ ಅವನಿಗೆ ಮೊದಲಿನಿಂದ ಕಣ್ಣು. ಇಬ್ಬರೂ ಗೇಟಿನ ಹತ್ತಿರ ಜಾಗಕ್ಕಾಗಿ ಕಿತ್ತಾಡದ ವಾರವಿಲ್ಲ.

"ನಾಳಿಂದ ನನ್ನ ಹುಡುಗರನ್ನೂ ನೀನೇ ಕರ್ಕೊಂಡು ಹೋಗು. ನನಗ ಕಣ್ಣು ಕಾಣವಲ್ದು."

ಮುನಿಯಣ್ಣ ಬೀದಿಯ ಎರಡೂ ಕಡೆ ನೋಡಿದ. "ಮೆತ್ತಗೆ ಮಾತಾಡು ರತ್ನಕ್ಕ! ಇಂಗೆಲ್ಲಾ ಬಾಯಿಬಿಟ್ರೆ ನಾಳೆ ಯಾರು ಮಕ್ಕಳನ್ನ ಕಳಿಸ್ತಾರೆ ನಿನ್ ಗಾಡಿಗೆ? ಗಾಡಿ ಕೆಟ್ಟೋಗೈತೆ ಅನ್ನು. ನಾನು ಎರಡು ಟ್ರಿಪ್ ಒಡ್ಕೊಂತೀನಿ."

"ಗಾಡಿ ನೆಟ್ಟಗೈತಿ. ಅದರ ಮ್ಯಾಲ ಯಾಕ ಸುಳ್ಳು ಹಾಕ್ಲಿ?"

ಗಂಡನೂ ಅದನ್ನೇ ಹೇಳಿದ. ಇನ್ನು ಮೂರು ತಿಂಗಳಿಗೆ ಬೇಸಿಗೆ ರಜೆ, ಆಗ ತೋರಿಸಿದರಾಯಿತು, ಅಲ್ಲಿಯತನಕ ನಿಧಾನ ಓಡಿಸು ಅಂದ. ರತ್ನಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಊಟದ ತಟ್ಟೆ ಹಿಡಿದು ಒಳಗೆ ಹೋದ. ಆಮೇಲೆ ಫೋನು ಹಿಡಿದು ಹತ್ತು ಮನೆಗೂ ಮಾಡಿದಳು. ಹತ್ತು ಸಲ ಅದೇ ಮಾತು: ನನ್ನ ಕಣ್ಣು ಮಂಜಾಗ್ಯಾವ, ಗೊತ್ತಿಲ್ಲದೆ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗೇನಿ, ತಪ್ಪು ನಂದು. ಒಬ್ಬ ತಂದೆ ಕೂಗಾಡಿದ. ಒಬ್ಬರು ಪೂರ್ತಿ ಕೇಳದೆ ಫೋನ್ ಇಟ್ಟರು. ಜೋಯಾಳ ತಾಯಿ ಮಾತ್ರ ಹೇಳಿದರು, "ಅಕ್ಕಾ, ಅವಳು ನಿದ್ದೇಲೂ ಹಂಪ್ ಹಂಪ್ ಅಂತಿದ್ಲು. ನಾವು ಆಟ ಅನ್ಕೊಂಡು ನಗ್ತಿದ್ವಿ."

"ನಾನೂ ನಗ್ತಿದ್ದೆನವ್ವಾ" ಅಂದಳು ರತ್ನಕ್ಕ.

ಚನ್ನಪ್ಪ ಹೇಳಿದ್ದೇ ಸರಿ, ಎರಡೂ ಕಣ್ಣಿಗೆ ಪೊರೆ. ಇವಳಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು, ಅಂಥವರಿಗೆ ಬೇಗ ಬರುತ್ತದಂತೆ. ಒಂದು ಕಣ್ಣಿಗೆ ಆಪರೇಷನ್ ಆಗಿ ಮೂರು ವಾರಕ್ಕೆ ಇನ್ನೊಂದಕ್ಕೆ ಆಯಿತು. ಕಪ್ಪು ಕನ್ನಡಕ ಹಾಕಿ ಜಗಲಿಯ ಮೇಲೆ ಕೂತು, ಮುನಿಯಣ್ಣ ಹಾರನ್ ಮೂರು ಸಲ ಹೊಡೆದರೆ ಅಲ್ಲಿಂದಲೇ ಬೈಯುತ್ತಿದ್ದಳು.

ಫೆಬ್ರವರಿ ಕೊನೆಯಲ್ಲಿ, ಇನ್ನು ಗಾಡಿ ಓಡಿಸಬಹುದು ಅಂತ ಡಾಕ್ಟರು ಬರೆದುಕೊಟ್ಟ ದಿನ ಸಂಜೆ ಚನ್ನಪ್ಪನ ಶೆಡ್ಡಿಗೆ ಹೋದಳು. ಅವನು ಅವಳ ಗೆರೆಯನ್ನು ಅಳಿಸಿರಲಿಲ್ಲ. ಬೇರೆ ಗಾಡಿಗಳಿಗೆ ಗೋಡೆಯ ಆ ಕಡೆ ಎಳೆದುಕೊಂಡಿದ್ದ. ರತ್ನಕ್ಕ ಸೀಟಿನ ಮೇಲೆ ಕೂತು ಲೈಟು ಹಾಕಿದಳು. ಬೆಳಕು ಕೆಂಪು ಗೆರೆಗೆ ತಾಕಿ, ಮೇಲೆ ಕತ್ತಲು, ಕೆಳಗೆ ಬೆಳಕು, ಚಾಕುವಿನಲ್ಲಿ ಕೊಯ್ದ ಹಾಗೇ ಇತ್ತು. "ಗೆರಿ ಸೊಟ್ಟ ಎಳದೀಯಲ್ಲೋ" ಅಂದಳು. ಚನ್ನಪ್ಪ ನಕ್ಕು ಕೀಲಿ ಅವಳ ಹತ್ತಿರವೇ ಬಿಟ್ಟ. ಎರಡು ದಿನಕ್ಕೆ ಎಫ್‌ಸಿಯೂ ಆಯಿತು.

ಹತ್ತರಲ್ಲಿ ಏಳು ಮಕ್ಕಳು ವಾಪಸ್ ಬಂದರು. ಮೂವರು ಮುನಿಯಣ್ಣನ ಹತ್ತಿರವೇ ಉಳಿದರು. ಕೇಳುವ ಮುಖ ತನಗಿಲ್ಲ ಅಂತ ರತ್ನಕ್ಕ ಕೇಳಲೂ ಇಲ್ಲ. ಮೊದಲ ದಿನ ಬೆಳಿಗ್ಗೆ ಹಾರನ್ ಎರಡು ಸಲ ಹೊಡೆದಳು. ಜೋಯಾ ಓಡಿ ಬಂದು ತನ್ನ ಹಳೇ ಜಾಗದಲ್ಲಿ, ಡ್ರೈವರ್ ಸೀಟಿನ ಹಿಂದೆ, ಬೆನ್ನು ನೆಟ್ಟಗೆ ಮಾಡಿ ಕೂತಳು.

ಹೆಸರಘಟ್ಟ ರಸ್ತೆ ಬಿಟ್ಟು ತಿರುಗಿದ ಮೇಲೆ ಬಣ್ಣವಿಲ್ಲದ ಒಂದು ಹಂಪ್ ಇದೆ. ರತ್ನಕ್ಕ ಅದನ್ನು ನಾಲ್ಕು ಮನೆ ಆಚೆಯಿಂದಲೇ ಕಂಡಳು. ಬ್ರೇಕ್ ಮೇಲೆ ಕಾಲಿಟ್ಟು, "ಹಂಪ್" ಅಂದಳು.

"ಆಂಟೀ! ಅದು ನನ್ ಕೆಲಸ!"

"ಇನ್ನ ಮ್ಯಾಲ ಅದು ನಂದವ್ವಾ" ಅಂದಳು ರತ್ನಕ್ಕ. "ನೀ ಮಲಕ್ಕೋ."

ಜೋಯಾ ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿದಳು. ಅಬ್ಬಿಗೆರೆ ಬರುವಷ್ಟರಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.