ದೊಡ್ಡಮ್ಮ ಕಚ್ಚಿ ಕೊಟ್ಟ ಸೌತೆಕಾಯಿ

ನಮ್ಮ ಹಿತ್ತಲಿನ ಮುಳ್ಳುಸೌತೆಗಳ ತುದಿಯಲ್ಲೆಲ್ಲ ಹಲ್ಲಿನ ಗುರುತು ಇರುತ್ತಿತ್ತು. ದೊಡ್ಡಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಅವರು ಕಚ್ಚಿದ ಕಡೆ ಎರಡು ಗುಳಿ ಬಿದ್ದು, ಮಧ್ಯೆ ಸಣ್ಣದೊಂದು ಏಣು ಉಳಿಯುತ್ತಿತ್ತು. ಕಚ್ಚಿ, ಅಗಿದು, ನುಂಗಿ, ಬೇಲಿಯ ಕಡೆ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ನಾವು ಮಕ್ಕಳು ಅಂಗೈಯಲ್ಲಿ ಉಪ್ಪು, ಖಾರದ ಪುಡಿ ಹಿಡಿದು ಕಾಯಬೇಕು. ಬೆವರಿಗೆ ಉಪ್ಪು ಕರಗಿ ನೀರಾದ ಮೇಲೆ, "ಹ್ಞಾಂ, ತಿನ್ನಿ" ಎಂದು ಅಪ್ಪಣೆ.

ಕಳಸದ ಹತ್ತಿರದ ಸಂಸೆಯ ನಮ್ಮ ಮನೆಯಲ್ಲಿ ಎಂಜಲೆಂದರೆ ಹುಡುಗಾಟವಲ್ಲ. ಲೋಟಕ್ಕೆ ತುಟಿ ತಾಗಿಸಿದರೆ ಮೊದಲು ತಲೆಗೆ ಮೊಟಕುತ್ತಿದ್ದವರೇ ದೊಡ್ಡಮ್ಮ. ಅಂಥವರು ಹಿತ್ತಲಿಗೆ ಇಳಿದ ಕೂಡಲೇ ತಮ್ಮ ಎಂಜಲನ್ನೇ ನಮಗೆ ತಿನ್ನಿಸುತ್ತಿದ್ದರು! "ನಮ್ಮನೇಲಿ ನೈವೇದ್ಯ ದೊಡ್ಡಮ್ಮಂಗೆ, ಪ್ರಸಾದ ನಮಗೆ" ಎಂದು ನಾನು ಆಡಿಕೊಂಡರೆ ನಗುತ್ತಿದ್ದರು. ತಿನ್ನುವ ಚಪಲ, ಇನ್ನೇನು ಎಂದೇ ನಾನು ತಿಳಿದಿದ್ದೆ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನನ್ನ ತಲೆಗೆ ಹತ್ತಿದ ವಿಜ್ಞಾನವೆಲ್ಲ ಆ ಹಿತ್ತಲಿನದ್ದೇ. "ನೋಡೇ, ಹೂವಿನ ಬುಡದಲ್ಲಿ ಮಿಡಿ ಅದೆಯಾ? ಹಂಗಾದ್ರೆ ಅದು ಹೆಣ್ಣು. ಜೇನ್ನೊಣ ಬಂದ್ರೆ ಓಡಿಸ್ಬೇಡ. ಅದು ಬರ್ಲಿಲ್ಲ ಅಂದ್ರೆ ನಿಂಗೆ ಸೌತೆಕಾಯೂ ಇಲ್ಲ, ಎಂತದೂ ಇಲ್ಲ." ಹರಿವೆ ಸೊಪ್ಪು ಕೊಯ್ಯುವಾಗ ತೂತಿರುವ ಎಲೆಯನ್ನೇ ಆರಿಸಬೇಕಿತ್ತು. ಒಮ್ಮೆ ಬಳ್ಳಿಯ ಮೇಲಿದ್ದ ಕೆಂಪು ಹುಳವನ್ನು ಹೊಸಕಲು ಹೋದೆ. ಕೈ ಹಿಡಿದುಬಿಟ್ಟರು. "ಬಿಡೇ ಮಾರಾಯ್ತಿ. ಅದು ಬದ್ಕಿದ್ರೆ ನಂಗೆ ಧೈರ್ಯ." ಹುಳ ನೋಡಿ ಧೈರ್ಯ ತಂದುಕೊಳ್ಳುವವರನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಶ್ರಾವಣದಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ಬೆಳಿಗ್ಗೆ ನನ್ನ ಪುಟ್ಟ ತಮ್ಮ ಕಾಯಲಿಲ್ಲ. ಎಳೆಯ ಸೌತೆಯೊಂದನ್ನು ಕಿತ್ತು ಕರಕರ ತಿಂದೇಬಿಟ್ಟ. ದೊಡ್ಡಮ್ಮ ಕೊಟ್ಟಿಗೆಯಿಂದ ಓಡಿಬಂದು ಅವನ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು. ಜಗಲಿಗೆ ಎತ್ತಿ ತಂದು ಮಡಿಲಲ್ಲಿ ಕೂರಿಸಿಕೊಂಡು, ಅವನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದರು. ಊಟಕ್ಕೆ ಏಳಲಿಲ್ಲ. ಅವನು ಕೊಸರಾಡಿದ, ಅತ್ತ, ಕೊನೆಗೆ ನಿದ್ದೆ ಹೋದ. ದೀಪ ಹಚ್ಚುವ ಹೊತ್ತಿಗೆ, "ಬಿಸಿ ಅದೆ. ಸಾಕು" ಎಂದು ಕೈ ಬಿಟ್ಟರು.

ಅಂದು ಒಲೆಯ ಮುಂದೆ ಅಮ್ಮ ನನಗೆ ಹೇಳಿದಳು. "ಅವ್ರಿಗೂ ಒಂದು ಹೆಣ್ಣುಮಗು ಇತ್ತು. ನೀ ಹುಟ್ಟೋಕೆ ಮುಂಚೆ. ಕಾಫಿಗೆ ಹೊಡೆದು ಉಳಿದ ಔಷಧಿನ ದೊಡ್ಡಮ್ಮನೇ ತಂದು ಸೌತೆ ಬಳ್ಳಿಗೆ ಹೊಡೆದಿದ್ರು, ಹುಳ ಸಾಯ್ಲಿ ಅಂತ. ಮಗು ಕಿತ್ತು ತಿಂತು. ಜೀಪು ಕಳಸ ಮುಟ್ಟೋದ್ರೊಳಗೆ ಕೈ ತಣ್ಣಗಾಗಿತ್ತು."

ದೊಡ್ಡಮ್ಮ ಮತ್ತೆಂದೂ ಹಿತ್ತಲಿಗೆ ಔಷಧಿ ತರಲಿಲ್ಲ. ಆದರೆ ಬೇಲಿಯಾಚೆಯೂ ಕಾಫಿ ತೋಟವೇ. ಅಲ್ಲಿ ಹೊಡೆದದ್ದು ಗಾಳಿಗೆ ಇತ್ತ ಬಂದಿದ್ದರೆ?

ಮರುದಿನ ದೊಡ್ಡಪ್ಪ ಕತ್ತಿ ಹಿಡಿದು ಬಳ್ಳಿ ಕಡಿಯಲು ಹೊರಟರು. "ಈ ತಲೆಬಿಸಿಯೇ ಬೇಡ, ಪೇಟೆಯಿಂದ ತಂದ್ರಾಯ್ತು."

ದೊಡ್ಡಮ್ಮ ಅಡ್ಡ ನಿಂತರು. "ಇಲ್ಲಿ ಇಲ್ದಿದ್ರೆ ಮಕ್ಳು ಬೇಲಿ ಹಾರ್ತಾರೆ. ಇಲ್ಲಾದ್ರೆ ನಾನಿರ್ತೀನಿ."

ಅಲ್ಲಿಂದ ಮುಂದೆ ನನಗೆ ಆ ಹಿತ್ತಲಲ್ಲಿ ಹಿಂದೆ ತಿರುಗಿ ನೋಡಲು ಹೆದರಿಕೆ. ನಮ್ಮ ಸಾಲಿನ ಕೊನೆಯಲ್ಲಿ ಇನ್ನೊಬ್ಬಳು ಉಪ್ಪಿನ ಕೈ ಚಾಚಿ ನಿಂತಿದ್ದಾಳೆ ಅನ್ನಿಸುತ್ತಿತ್ತು. ದೊಡ್ಡಮ್ಮ ಕಾಯಿ ಹೆಚ್ಚುವಾಗ ಒಂದು ಹೋಳು ಯಾವಾಗಲೂ ಹೆಚ್ಚಾಗುತ್ತಿತ್ತು. ಅದನ್ನು ಬಳ್ಳಿಯ ಬುಡದಲ್ಲಿ ಇಡುತ್ತಿದ್ದರು. ಇರುವೆಗಳಿಗೆಂದು ಅವರು ಹೇಳಿದ್ದನ್ನು ನಾನು ಅಷ್ಟು ದಿನ ನಂಬಿದ್ದೆ.

ಕುದುರೆಮುಖದ ಗಣಿ ನಿಂತು ಅಲ್ಲಿನ ಮನೆಗಳು ಖಾಲಿಯಾಗುತ್ತಿದ್ದ ಕಾಲಕ್ಕೆ ದೊಡ್ಡಮ್ಮ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ, "ಸೌತೆ ಬಿಟ್ಟದೆಯಾ?" ಎಂದು ಕೇಳಿದರು. ನಾನು ಎಳೆಯದೊಂದನ್ನು ಕಿತ್ತು ತಂದೆ. ಅವರ ಎದುರಿಗೇ ತುದಿ ಕಚ್ಚಿ, ನುಂಗಿ, ಕಾದೆ. ಅವರು ಮಾಡಿದ್ದನ್ನೇ ನಾನು ಮಾಡಿದ್ದು. ಅವರ ಮುಖ ಕಪ್ಪಿಟ್ಟಿತು.

"ಉಗುಳೇ! ಹೋಗೋ ಮುದುಕಿಗೆ ನೀ ಯಾಕೆ ತಿಂದು ನೋಡ್ತೀ?"

"ಎಂತದೂ ಆಗಲ್ಲ ದೊಡ್ಡಮ್ಮ, ಹುಳದ ತೂತು ಅದೆ, ನೋಡಿ."

ಕೇಳಲಿಲ್ಲ. ನನ್ನ ಕೈ ಎಳೆದುಕೊಂಡು ಎರಡೂ ಕೈಗಳಲ್ಲಿ ಹಿಡಿದರು. ಸೌತೆ ದಿಂಬಿನ ಪಕ್ಕದಲ್ಲಿ ಬಾಡುತ್ತ ಬಿದ್ದಿತ್ತು. ಅವರ ಬೆರಳುಗಳು ತಣ್ಣಗಾಗುತ್ತ ಬಂದವು. ನಾನು ಅಮ್ಮನನ್ನು ಕೂಗಿದೆ. ಅಮ್ಮ ಬಂದು ಪಕ್ಕದಲ್ಲಿ ಕೂತರೂ ದೊಡ್ಡಮ್ಮ ನನ್ನ ಕೈ ಬಿಡಲಿಲ್ಲ. ಹೊರಗೆ ಕತ್ತಲಾಗುವ ಹೊತ್ತಿಗೆ ನನ್ನ ಅಂಗೈಯನ್ನು ಒಮ್ಮೆ ಒತ್ತಿ ನೋಡಿದರು.

"ಬಿಸಿ ಅದೆ," ಅಂದರು. "ಸಾಕು."