ಹಂಪಕ್ಕನ ಪಿಯಾನೋ ಕಾಲು

ಹಂಪಕ್ಕ ಪೇಟಿ ಬಾರಿಸಿದರೆ ಸ್ವರ ಸಾಯುತ್ತಿತ್ತು. ತಪ್ಪು ತಿಳಿಯಬೇಡಿ, ಹೊಗಳಿಯೇ ಹೇಳುತ್ತಿದ್ದೇನೆ. ಬೇರೆಯವರ ಹಾರ್ಮೋನಿಯಂ ಮದುವೆ ಮನೆಯ ಮೈಕಿನ ಹಾಗೆ ಒಂದೇ ಸಮ ಒದರುತ್ತದೆ. ಹಂಪಕ್ಕನದು ಹಾಗಲ್ಲ. ಸ್ವರ ಗಟ್ಟಿಯಾಗಿ ಎದ್ದು, ಮೆಲ್ಲಗೆ ಇಳಿದು, ಇದೆಯೋ ಇಲ್ಲವೋ ಅನ್ನುವಷ್ಟರಲ್ಲಿ ಇಲ್ಲವಾಗುತ್ತಿತ್ತು. ಇವತ್ತು ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಯಾವ ಊರಿನ ನಾಟಕಕ್ಕಾದರೂ ಹೋಗಿ ನೋಡಿ. ನಾಯಕಿ ಅಳುವ ಹಾಡು ಬಂತೆಂದರೆ ಪೇಟಿ ಮಾಸ್ತರರೆಲ್ಲ ಹೀಗೇ ಬಾರಿಸುತ್ತಾರೆ. ಅದಕ್ಕೆ ‘ಪಿಯಾನೋ ಕಾಲು’ ಅಂತ ಹೆಸರು. ಹುಟ್ಟಿಸಿದವರು ಮರಿಯಮ್ಮನಹಳ್ಳಿಯ ನಮ್ಮ ಹಂಪಕ್ಕ. ತಮಾಷೆ ಏನೆಂದರೆ, ಆಗ ಅವರು ಪಿಯಾನೋವನ್ನು ಕಣ್ಣಿಂದ ಕಂಡೇ ಇರಲಿಲ್ಲ.

ವಯಸ್ಸಿನಲ್ಲಿದ್ದಾಗ ಅವರು ನಾಟಕದ ನಾಯಕಿ. ಗಂಟಲು ಒಡೆದ ಮೇಲೆ ರಂಗದಿಂದ ಕೆಳಗಿಳಿದು, ರಂಗದ ಮುಂದೆಯೇ ಕಾಲುಪೇಟಿಗೆ ಕೂತರು. ಕಾಲುಪೇಟಿ ಅಂದರೆ ಸಣ್ಣ ಮೇಜಿನಂಥ ಹಾರ್ಮೋನಿಯಂ. ಗಾಳಿ ಹಾಕುವ ಕೆಲಸ ಕಾಲಿನದು, ಹಾಗಾಗಿ ಎರಡೂ ಕೈ ಬಿಡುವಾಗಿ ಕಪ್ಪು ಬಿಳಿ ಸ್ವರದ ಮನೆಗಳ ಮೇಲೆ ಓಡಾಡುತ್ತವೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಒಂದು ಚೂರು ಅಡಿಕೆ ಹಾಕಿಕೊಂಡು ಹಂಪಕ್ಕ ಕೂತರೆಂದರೆ ಗದೆ ಹಿಡಿದ ಭೀಮನೂ ಹೆದರಬೇಕು. ನಾಟಕ ಕಲಿಸುವಾಗಿನ ಅವರ ಬಾಯಿ ಕೇಳಬೇಕಿತ್ತು. “ಮಾರಿಗೆ ಪೌಡರ್ ಹಚ್ಚಿದ್ರ ಸಾಕೇನಪ್ಪ? ಆ ದನಿಗೂ ಒಂದೀಟು ಹಚ್ಕೊಂಡು ಬಾ” ಅನ್ನುತ್ತಿದ್ದರು.

ಪಿಯಾನೋ ಅವರಿಗೆ ಸಿಕ್ಕಿದ್ದು ರೇಡಿಯೋದಲ್ಲಿ. ಬಣ್ಣದ ಕೋಣೆಯ ರೇಡಿಯೋದಲ್ಲಿ ಯಾವುದೋ ಸಿನಿಮಾ ಹಾಡು ಬರುತ್ತಿತ್ತಂತೆ, ಅದರ ನಡುವೆ ಪಿಯಾನೋ. ಪ್ರತಿ ಸ್ವರವೂ ಎದ್ದು, ಇಳಿದು, ಸಾಯುತ್ತಿತ್ತು. ಹಂಪಕ್ಕ ಹುಚ್ಚಾಗಿಹೋದರು. ಹಾಗೆ ಇಳಿಯಬೇಕಾದರೆ ಬಾರಿಸುವವನು ಕಾಲು ಎತ್ತಿ ಗಾಳಿ ಬಿಡುತ್ತಿರಬೇಕು ಅಂತ ಲೆಕ್ಕ ಹಾಕಿದರು. ಪೇಟಿ ಬಾರಿಸುವವರಿಗೆ ಬೇರೆ ಹೇಗೆ ಹೊಳೆದೀತು? ಆದರೆ ಅವರ ಪೇಟಿಯಲ್ಲಿ ಕಾಲು ಎತ್ತಿದರೂ ಸ್ವರ ಇಳಿಯುತ್ತಿರಲಿಲ್ಲ. ಒಳಗಿನ ಚೀಲದಲ್ಲಿ ಒಂದು ಸ್ಪ್ರಿಂಗ್ ಗಾಳಿಯನ್ನು ಒತ್ತುತ್ತಲೇ ಇರುತ್ತದೆ. ಹಂಪಕ್ಕ ಹೊಸಪೇಟೆಯ ಪೇಟಿ ರಿಪೇರಿಯವನನ್ನು ಕರೆಸಿ ಆ ಸ್ಪ್ರಿಂಗನ್ನೇ ಕೀಳಿಸಿದರು. ಆಮೇಲೆ ಸ್ವರ ಅವರ ಕಾಲು ಹೇಳಿದಂತೆ ಕೇಳತೊಡಗಿತು.

ಮೊದಮೊದಲು ಎಲ್ಲರೂ ನಕ್ಕರು. “ಹಂಪವ್ವನ ಪೇಟಿಗೆ ದಮ್ಮು ಹತ್ತೇತಿ” ಅಂದರು. ಶ್ರುತಿ ಸಿಗುವುದಿಲ್ಲ ಅಂತ ನಟರು ಜಗಳ ತೆಗೆದರು. ಅಂಥದರಲ್ಲಿ ಪಾಪಿನಾಯಕನಹಳ್ಳಿಯ ನಾಟಕ ಬಂತು. ನಾನು ಮುಂದೆಯೇ ಕೂತಿದ್ದೆ, ಆಗಿನ್ನೂ ಕಾಲೇಜು ಹುಡುಗ. ಸತ್ತ ಮಗನ ಎದುರು ತಾಯಿ ಹಾಡುವ ದೃಶ್ಯ. ಸಾಲಿನ ಕೊನೆಯಲ್ಲಿ ಹಂಪಕ್ಕ ಕಾಲು ಎತ್ತಿದರು. ಸ್ವರ ಇಳಿದು ಇಳಿದು ನಿಂತುಹೋಯಿತು. ಆಮೇಲೆ ಹೆಂಗಸರ ಕಡೆಯಿಂದ ಅಳು ಶುರುವಾಗಿದ್ದು ಗಂಡಸರನ್ನೂ ಬಿಡಲಿಲ್ಲ. ಮರುದಿನವೇ ಹೋಗಿ ಅವರ ಶಿಷ್ಯನಾದೆ. ನಕ್ಕ ಮಾಸ್ತರರೂ ಒಬ್ಬೊಬ್ಬರಾಗಿ ಬಂದು ಕಲಿತುಹೋದರು, ಹಿಂದೆಯೇ ರಿಪೇರಿಯವನಿಗೆ ಸ್ಪ್ರಿಂಗ್ ಕೀಳುವುದೇ ಕೆಲಸವಾಯಿತು.

ನಾನು ಮುಂದೆ ಹೊಟ್ಟೆಪಾಡಿಗೆ ಆರ್ಕೆಸ್ಟ್ರಾ ಸೇರಿ ಕೀಬೋರ್ಡ್ ಹಿಡಿದೆ. ಹಂಪಕ್ಕನಿಗೆ ಅದನ್ನು ಕಂಡರೆ ಆಗದು. “ಒಂದು ಬಟನ್ ಒತ್ತಿದ್ರ ಪಿಟೀಲು, ಇನ್ನೊಂದು ಒತ್ತಿದ್ರ ಕೊಳಲು. ನಿಂದೇನೈತಲೇ ಅದರಾಗ?” ಅಂತ ಮಾರಿ ಮುರಿಯುತ್ತಿದ್ದರು. ಫೋನಿನಲ್ಲಿ ಪಿಯಾನೋ ವಿಡಿಯೋ ತೋರಿಸಿದರೆ ಮಾತ್ರ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುವರು. ಬಾರಿಸುವವನ ಕಾಲು ಕೆಳಗಿನ ಪೆಡಲ್ ಬಿಟ್ಟು ಮೇಲೆದ್ದರೆ ಸಾಕು, “ನೋಡು ನೋಡು, ಎತ್ತಿದ!” ಅಂತ ತೊಡೆ ತಟ್ಟುವರು. ಆದರೂ ಒಳಗೊಳಗೇ ಅನುಮಾನ. “ಖರೇ ಪಿಯಾನೋ ಒಂದಸಲ ಮುಟ್ಟಬೇಕಲೇ ತಮ್ಮ. ನಾ ಇಷ್ಟು ವರ್ಷ ಬಾರಿಸಿದ್ದು ಖರೇನೋ ಸುಳ್ಳೋ ತಿಳೀಬೇಕು” ಅನ್ನುವರು. ಪಿಯಾನೋದ ಹೊಟ್ಟೆಯಲ್ಲಿ ಏನಿದೆ ಅಂತ ನನಗೂ ಗೊತ್ತಿರಲಿಲ್ಲ. ಅವರು ಹೇಳಿದ್ದನ್ನೇ ನಂಬಿದ್ದೆ.

ಕೊನೆಗೂ ಸಂಡೂರಿನಲ್ಲಿ ಒಂದು ಪಿಯಾನೋ ಸಿಕ್ಕಿತು. ನಮ್ಮ ಆರ್ಕೆಸ್ಟ್ರಾ ಬಾರಿಸಿದ ಒಂದು ಮದುವೆ ಮನೆಯ ಹಳೇ ಬಂಗಲೆಯಲ್ಲಿತ್ತು. ಮನೆಯಮ್ಮನಿಗೆ ವಿಷಯ ಹೇಳಿದೆ, “ಕರ್ಕೊಂಡು ಬರ್ರಿ, ಅದಕ್ಕೇನು” ಅಂದರು. ಹಂಪಕ್ಕ ಹೊಸ ಸೀರೆ ಉಟ್ಟು, ಸಣ್ಣ ಹುಡುಗಿಯ ಹಾಗೆ ದಾರಿಯುದ್ದಕ್ಕೂ ಮಾತಾಡುತ್ತ ಬಂದರು. ಪಿಯಾನೋಕ್ಕೆ ಕೈ ಮುಗಿದು ಕೂತರು. ಗಾಳಿ ತುಂಬಲಿ ಅಂತ ಕೆಳಗಿನ ಪೆಡಲನ್ನು ದಬದಬ ತುಳಿದು, ಒಂದು ಮನೆ ಒತ್ತಿದರು. ಸ್ವರ ಎದ್ದಿತು. ಕಾಲು ಎತ್ತಿದರು. ಬೆರಳು ಒತ್ತಿದ್ದ ಸ್ವರ ನಿಧಾನವಾಗಿ ಇಳಿಯಿತು. ಮುಖ ಅರಳಿತು. ಆಮೇಲೆ ಎರಡೂ ಕಾಲನ್ನು ಹಿಂದಕ್ಕೆಳೆದುಕೊಂಡು ಮತ್ತೆ ಒತ್ತಿದರು. ಸ್ವರ ಮತ್ತೆ ಎದ್ದಿತು, ತನ್ನಷ್ಟಕ್ಕೆ ತಾನೇ ಇಳಿಯಿತು.

“ಕಾಲಿಲ್ಲದ ಹೆಂಗ ಬಂತಲೇ ಇದು?”

ಮನೆಯಮ್ಮ ಮೇಲಿನ ಮುಚ್ಚಳ ಎತ್ತಿ ತೋರಿಸಿದರು. ಒಳಗೆ ಸಾಲು ಸಾಲು ತಂತಿ, ಒಂದೊಂದಕ್ಕೂ ಪುಟ್ಟ ಸುತ್ತಿಗೆ. ಹಂಪಕ್ಕ ಬಗ್ಗಿ ತುಂಬಾ ಹೊತ್ತು ನೋಡಿದರು. “ಗಾಳಿನ ಇಲ್ಲ ಇದಕ್ಕ” ಅಂದರು. ಮನೆಯಮ್ಮ ಕೊಟ್ಟ ಚಹಾ ಅಲ್ಲೇ ಆರಿತು. ಬಸ್ಸು ಮರಿಯಮ್ಮನಹಳ್ಳಿ ಹತ್ತಿರ ಬಂದಾಗ, “ಇಡೀ ಸೀಮಿಗೆ ಸುಳ್ಳ ಕಲಿಸಿದ್ನಲ್ಲೋ ತಮ್ಮ. ರಿಪೇರಿಯಂವಗ ಫೋನ್ ಹಚ್ಚು. ಸ್ಪ್ರಿಂಗ್ ಮೊದಲಿನಂಗ ಕೂಡಿಸ್ಲಿ” ಅಂದರು. ಬ್ಯಾಡ್ರಿ ಅಕ್ಕಾ ಅಂದರೆ ನನ್ನ ಮಾತು ಕೇಳುವ ಹೆಂಗಸೇ ಅದು?

ಮರುದಿನ ಕಂಪ್ಲಿಯಲ್ಲಿ ನಾಟಕ. ರಂಗದ ಮುಂದೆ ರಿಪೇರಿಯವನು ಪೇಟಿಯ ಹಲಗೆ ಬಿಚ್ಚಿ ಕೂತಿದ್ದ. ಬಣ್ಣ ಹಚ್ಚಿಕೊಳ್ಳುತ್ತಿದ್ದ ನಾಯಕಿ ಲಕ್ಷ್ಮಿ ಅರ್ಧ ಮುಖದಲ್ಲೇ ಓಡಿಬಂದಳು.

“ಏನ್ ಮಾಡಾಕ ಹತ್ತೀರಕ್ಕಾ?”

“ತಪ್ಪು ತಿದ್ದಾಕ ಹತ್ತೀನಿ. ಪಿಯಾನೋ ಹಿಂಗ ಬಾರ್ಸೂದಿಲ್ಲಂತ.”

“ಪಿಯಾನೋ ಹೆಂಗರ ಬಾರಿಸ್ಲಿ, ನನಗೇನು? ನಿಮ್ಮ ಸ್ವರ ಇಳಿಯೋ ಜಾಗಕ್ಕ ನಾ ಅಳಾಕಿ. ಅದು ಇಳೀಲಿಲ್ಲಂದ್ರ ನಾ ಎಲ್ಲಿ ಅಳ್ಲಿ? ಹೇಳ್ರಿ.”

ಹಂಪಕ್ಕ ಅವಳನ್ನೇ ನೋಡಿದರು. ಬಾಯಲ್ಲಿನ ಅಡಿಕೆ ಉಗುಳಿ, ರಿಪೇರಿಯವನಿಗೆ, “ಹಲಗಿ ಮುಚ್ಚಪ್ಪ. ಚಹಾ ಕುಡುದು ಹೋಗು” ಅಂದರು. ನಾನು ಅವನ ಕೈಯಿಂದ ಸ್ಪ್ರಿಂಗ್ ಕಸಿದುಕೊಂಡು ಜೇಬಿಗೆ ಹಾಕಿಕೊಂಡೆ. ಎಲ್ಲಿ ಮತ್ತೆ ಮನಸ್ಸು ಬದಲಿಸುತ್ತಾರೋ ಅಂತ ಭಯ.

ನಾಂದಿಗೆ ಮೊದಲು ಹಂಪಕ್ಕ ಮೈಕ್ ಕೇಳಿದರು. ಮೈಕ್ ಮುಂದೆ ಅವರು ನಿಂತು ಎಷ್ಟೋ ವರ್ಷವಾಗಿತ್ತು. “ಹಿರಿಯರ, ತಾಯಂದಿರ, ಒಂದು ಮಾತು ಕೇಳ್ರಿ. ಇದು ಪಿಯಾನೋ ಕಾಲು ಅಂತ ನಾನ ಹೇಳ್ಕೊಂತ ಬಂದೀನಿ. ನಿನ್ನೆ ಪಿಯಾನೋ ನೋಡಿ ಬಂದೆ. ಅದು ಹಂಗ ಬಾರ್ಸೋದಲ್ಲ. ಇದು ಪಿಯಾನೋದ್ದಲ್ಲ, ನಮ್ದು” ಅಂದರು. ಶಿಳ್ಳೆಯೋ ಶಿಳ್ಳೆ. ನಾನಂತೂ ಗಂಟಲು ಹರಿಯುವ ಹಾಗೆ ಕೂಗಿದೆ. ಆ ದಿನ ಬಾರಿಸಿದಂತೆ ಹಂಪಕ್ಕ ಯಾವತ್ತೂ ಬಾರಿಸಿರಲಿಲ್ಲ. ಜನ ಮಾತ್ರ ಇವತ್ತಿಗೂ ಪಿಯಾನೋ ಕಾಲು ಅಂತಲೇ ಕರೆಯುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದರು. ಬಂಡ್ರಿಯ ನಾಟಕ ಹತ್ತಿರ ಬಂದಿತ್ತು. “ಪೇಟಿಗೆ ನೀ ಕುಂದ್ರು” ಅಂದರು. ನಿಮ್ಮ ಹಾಗೆ ಕಾಲು ಬರುವುದಿಲ್ಲ, ತಪ್ಪುತ್ತದೆ ಅಂದೆ. “ತಪ್ಪಲಿ ಬಿಡು. ನಾ ಏನ್ ಪಿಯಾನೋ ತಿಳದು ಬಾರಿಸಿದ್ನೇನು?” ಅಂತ ನಕ್ಕರು. ನಾಟಕಕ್ಕೆ ಒಂದು ವಾರವಿರುವಾಗ ತೀರಿಕೊಂಡರು.

ಬಂಡ್ರಿಯಲ್ಲಿ ನಾನೇ ಕೂತೆ. ಲಕ್ಷ್ಮಿ ಹಾಡುತ್ತ ಹಾಡುತ್ತ ಆ ಜಾಗಕ್ಕೆ ಬಂದು ನನ್ನ ಕಡೆ ನೋಡಿದಳು. ಕಾಲು ಎತ್ತಿದೆ. ಸ್ವರ ಇಳಿಯಿತು, ಅವಳು ಅತ್ತಳು. ಮುಂದಿನ ಸಾಲು ಹಾಡಬೇಕಾದವಳು ಹಾಡಲೇ ಇಲ್ಲ, ಅಳುತ್ತಲೇ ಇದ್ದಳು. ನಾಟಕ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.